ಇಮಿಚ್‌ನಲ್ಲಿ ಮುಖಗಳು ಸಿಗದಿದ್ದಾಗ: ರೀಸೆಟ್ ಒತ್ತುವ ಮುನ್ನ

ಎದುರಿಗಿರುವ ಯಂತ್ರ: ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರಿನ ಹಳೆಯ ಆಫೀಸ್ ಡೆಸ್ಕ್‌ಟಾಪ್, 8 ಜಿಬಿ ರ‍್ಯಾಮ್, ಉಬುಂಟು, ಅದರ ಮೇಲೆ ಡಾಕರ್‌ನಲ್ಲಿ (ತಂತ್ರಾಂಶದ ಭಾಗಗಳನ್ನು ಕಂಟೈನರ್ ಎಂಬ ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಓಡಿಸುವ ಸಾಧನ) ಓಡುವ ಇಮಿಚ್, ಅಂದರೆ ಫೋಟೊಗಳನ್ನು ಮನೆಯ ಯಂತ್ರದಲ್ಲೇ ಇಟ್ಟು ಮುಖ ಗುರುತಿಸುವ ತಂತ್ರಾಂಶ. ಒಳಗಿರುವುದು ಮನೆಯವರ ಫೋನ್‌ಗಳಿಂದ ಬಂದ ಫೋಟೊಗಳು, ಮದುವೆ ಆಲ್ಬಮ್ಮುಗಳು, ಮತ್ತೆ ಟ್ರಂಕಿನಿಂದ ತೆಗೆದು ಸ್ಕ್ಯಾನ್ ಮಾಡಿದ ಕಪ್ಪುಬಿಳುಪು ಚಿತ್ರಗಳು.

ದೂರು ಒಂದೇ ಸಾಲಿನದು: ಮುಖ ಹಿಡಿಯುತ್ತಿಲ್ಲ. ಸ್ವಲ್ಪ ಕೆದಕಿದರೆ ಅದು ನಾಲ್ಕು ದೂರಾಗುತ್ತದೆ. ಹೊಸದಾಗಿ ಏರಿಸಿದ ಫೋಟೊಗಳಲ್ಲಿ ಒಂದೇ ಒಂದು ಮುಖವೂ ಇಲ್ಲ. ಶಾಲೆಯ ಗ್ರೂಪ್ ಫೋಟೊದಲ್ಲಿ ಕುರ್ಚಿಯಲ್ಲಿ ಕೂತ ಮೇಷ್ಟ್ರುಗಳು ಸಿಕ್ಕಿದ್ದಾರೆ, ಹಿಂದೆ ನಿಂತ ಮಕ್ಕಳು ಸಿಕ್ಕಿಲ್ಲ. ಅಕ್ಕ ತಂಗಿ ಇಬ್ಬರೂ ಸೇರಿ ಒಬ್ಬಳಾಗಿದ್ದಾರೆ. ಅಜ್ಜ ಮಾತ್ರ ಮೂರು ಜನ ಆಗಿದ್ದಾರೆ. ನಾಲ್ಕಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಆದರೆ ನಾಲ್ಕಕ್ಕೂ ಜನ ಮೊದಲು ಒತ್ತುವುದು ರೀಸೆಟ್ ಬಟನ್ನನ್ನೇ. ಅದನ್ನು ಒತ್ತಿದರೆ ಯಂತ್ರ ಹುಡುಕಿಟ್ಟ ಮುಖಗಳ ಜೊತೆ, ಕೂತು ಒಂದೊಂದಾಗಿ ಕೊಟ್ಟ ಹೆಸರುಗಳೂ ಹೋಗುತ್ತವೆ. ಇಮಿಚ್ ಆ ಹೆಸರುಗಳನ್ನು ಫೋಟೊ ಕಡತದೊಳಗೆ ಬರೆದಿಡುವುದಿಲ್ಲ, ಅವು ಡೇಟಾಬೇಸಿನಲ್ಲಿ ಮಾತ್ರ ಇರುತ್ತವೆ.

ಹಾಗಾಗಿ ಮೊದಲ ಕೆಲಸ ಡೇಟಾಬೇಸ್ ಬ್ಯಾಕಪ್ ಇದೆಯೇ ಎಂದು ನೋಡುವುದು. ಇಮಿಚ್ ತಾನಾಗಿಯೇ ದಿನವೂ ರಾತ್ರಿ 2 ಗಂಟೆಗೆ ಒಂದು ಪ್ರತಿ ತೆಗೆದು, ಅಪ್‌ಲೋಡ್ ಜಾಗದ ಒಳಗಿನ ‘ಬ್ಯಾಕಪ್ಸ್’ ಫೋಲ್ಡರಿನಲ್ಲಿ ಕೊನೆಯ 14 ಪ್ರತಿಗಳನ್ನು ಇಟ್ಟುಕೊಳ್ಳುತ್ತದೆ. ರಾತ್ರಿ ಯಂತ್ರ ಆರಿಸಿ ಮಲಗುವ ಮನೆಯಲ್ಲಿ ಈ ಫೋಲ್ಡರ್ ಖಾಲಿ ಇರುತ್ತದೆ. ಈ ಯಂತ್ರದಲ್ಲೂ ಖಾಲಿ. ಅಡ್ಮಿನಿಸ್ಟ್ರೇಷನ್ ಪುಟದ ಬ್ಯಾಕಪ್ ಸೆಟ್ಟಿಂಗಿನಲ್ಲಿ ಸಮಯವನ್ನು ಸಂಜೆ 7ಕ್ಕೆ ಬದಲಿಸಿ, ಈಗಿನದಕ್ಕೆ ಕೈಯಿಂದಲೇ ಒಂದು ಪ್ರತಿ ತೆಗೆದು, ಕಡತದ ಗಾತ್ರ ಸೊನ್ನೆಯಲ್ಲ ಎಂದು ಕಣ್ಣಾರೆ ನೋಡಿದ ಮೇಲೆ ಮುಂದಿನ ಕೆಲಸ.

ಯಾವ ಮೆಟ್ಟಿಲಲ್ಲಿ ಎಡವಿದೆ

ಒಂದು ಫೋಟೊ ಏರಿದ ಮೇಲೆ ಮೂರು ಕೆಲಸಗಳು ಸಾಲಾಗಿ ನಡೆಯುತ್ತವೆ. ಮೊದಲು ಥಂಬ್‌ನೇಲ್ ಮತ್ತು ಪ್ರಿವ್ಯೂ ತಯಾರಾಗುತ್ತದೆ. ಆಮೇಲೆ ಫೇಸ್ ಡಿಟೆಕ್ಷನ್: ಆ ಪ್ರಿವ್ಯೂ ಚಿತ್ರವನ್ನು ಮೆಷೀನ್ ಲರ್ನಿಂಗ್ ಕಂಟೈನರಿಗೆ ಕಳಿಸಿ, ಮುಖ ಎಲ್ಲೆಲ್ಲಿದೆ ಎಂಬ ಚೌಕಗಳನ್ನೂ ಪ್ರತಿ ಮುಖಕ್ಕೆ 512 ಅಂಕಿಗಳ ಒಂದು ಸಾಲನ್ನೂ ಪಡೆಯುವುದು. ಕೊನೆಯದು ಫೇಶಿಯಲ್ ರೆಕಗ್ನಿಷನ್: ಆ ಅಂಕಿ ಸಾಲುಗಳನ್ನು ಒಂದಕ್ಕೊಂದು ಹೋಲಿಸಿ, ಹತ್ತಿರವಿರುವವನ್ನು ಒಬ್ಬ ವ್ಯಕ್ತಿ ಎಂದು ಗುಂಪು ಮಾಡುವುದು. ಈ ಕೊನೆಯ ಕೆಲಸಕ್ಕೆ ಚಿತ್ರವೇ ಬೇಕಿಲ್ಲ, ಅದು ಡೇಟಾಬೇಸಿನ ಒಳಗೇ ನಡೆಯುತ್ತದೆ. ಎರಡನೆಯದು ‘ಮುಖ ಇದೆಯೇ’ ಎಂದು ಕೇಳುತ್ತದೆ, ಮೂರನೆಯದು ‘ಯಾರ ಮುಖ’ ಎಂದು. ಇವೆರಡನ್ನು ಒಂದೇ ಎಂದುಕೊಂಡರೆ ಇಡೀ ದಿನ ತಪ್ಪು ಗುಂಡಿ ತಿರುಗಿಸುತ್ತಾ ಕೂರಬೇಕಾಗುತ್ತದೆ.

ಎಡವಿದ ಮೆಟ್ಟಿಲು ಯಾವುದು ಎಂದು ತಿಳಿಯಲು ಲಾಗ್ ಓದುವ ಮೊದಲು ಒಂದು ಫೋಟೊ ತೆರೆಯಿರಿ. ಪಕ್ಕದ ಮಾಹಿತಿ ಫಲಕ ತೆರೆದು, ಪೀಪಲ್ ಭಾಗದ ಪೆನ್ಸಿಲ್ ಒತ್ತಿ. ಅಲ್ಲಿ ಆ ಫೋಟೊದಲ್ಲಿ ಸಿಕ್ಕ ಎಲ್ಲ ಮುಖಗಳೂ ಬರುತ್ತವೆ, ಯಾರಿಗೂ ಸೇರದೆ ಉಳಿದವೂ ಸಹ. ಮುಖ ಅಲ್ಲಿದ್ದು ಪೀಪಲ್ ಪುಟದಲ್ಲಿ ಇಲ್ಲದಿದ್ದರೆ ಪತ್ತೆ ಸರಿಯಾಗಿದೆ, ಗುಂಪು ಮಾಡುವುದರಲ್ಲಿ ತೊಡಕು. ಮುಖ ಅಲ್ಲೂ ಇಲ್ಲದಿದ್ದರೆ ತೊಡಕು ಪತ್ತೆಯಲ್ಲೋ ಅದಕ್ಕೂ ಹಿಂದೋ ಇದೆ. ಫೋಟೊದ ಥಂಬ್‌ನೇಲೇ ಬೂದು ಚೌಕವಾಗಿದ್ದರೆ ಮುಖದ ಮಾತು ಬಿಡಿ, ಪ್ರಿವ್ಯೂವೇ ಆಗಿಲ್ಲ: ಜಾಬ್ಸ್ ಪುಟದಲ್ಲಿ ಥಂಬ್‌ನೇಲ್ ಕೆಲಸದ ‘ಮಿಸ್ಸಿಂಗ್’ ಒತ್ತಿ, ಅದು ಮುಗಿದ ಮೇಲೆ ಫೇಸ್ ಡಿಟೆಕ್ಷನ್ನಿನ ‘ಮಿಸ್ಸಿಂಗ್’ ಒತ್ತಿ. ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಫೋಟೊ ಇಟ್ಟವರಿಗೆ ಡಿಸ್ಕ್ ಕಳಚಿಕೊಂಡಾಗ ಆಗುವುದು ಇದೇ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಇದು ದೋಷವಲ್ಲದಿದ್ದರೂ ದೂರಾಗಿ ಬರುತ್ತದೆ. ಮುಖಗಳ ಲೆಕ್ಕ ಖಾತೆಗೊಂದು. ಗಂಡನ ಖಾತೆಯಲ್ಲಿ ಹೆಸರಿಟ್ಟ ಮುಖ ಹೆಂಡತಿಯ ಖಾತೆಯಲ್ಲಿ ಹೆಸರಿಲ್ಲದೆಯೇ ಇರುತ್ತದೆ. ಪಾರ್ಟ್ನರ್ ಶೇರಿಂಗ್ ಹಾಕಿಕೊಂಡರೆ ಫೋಟೊ ಹಂಚಿಕೆಯಾಗುತ್ತದೆ, ಹೆಸರು ಹಂಚಿಕೆಯಾಗುವುದಿಲ್ಲ.

ಒಂದೂ ಮುಖ ಸಿಗದಿದ್ದರೆ: ಕಂಟೈನರ್

ಮೊದಲ ದೂರು. ಹೊಸ ಫೋಟೊಗಳಲ್ಲಿ ಒಂದರಲ್ಲೂ ಮುಖವಿಲ್ಲ, ಪ್ರಿವ್ಯೂಗಳೆಲ್ಲ ಸರಿ. ಸರ್ವರ್ ಕಂಟೈನರಿನ ಲಾಗ್‌ನಲ್ಲಿ ‘ಮೆಷೀನ್ ಲರ್ನಿಂಗ್ ರಿಕ್ವೆಸ್ಟ್ ಫೇಲ್ಡ್’ ಎಂಬ ಅರ್ಥದ ಸಾಲುಗಳು ಒಂದರ ಮೇಲೊಂದು. ಸರ್ವರ್ 3003ನೇ ಪೋರ್ಟಿನಲ್ಲಿ ಬಾಗಿಲು ತಟ್ಟುತ್ತಿದೆ, ಒಳಗೆ ಯಾರೂ ಇಲ್ಲ.

ಆಗ ನೋಡಬೇಕಾದ್ದು ಡಾಕರ್ ಪಿಎಸ್ ಪಟ್ಟಿ, ನಿಂತ ಕಂಟೈನರುಗಳನ್ನೂ ತೋರಿಸುವಂತೆ. ಮೆಷೀನ್ ಲರ್ನಿಂಗ್ ಕಂಟೈನರ್ ‘ಅಪ್’ ಎಂದೇ ತೋರಿಸುತ್ತಿರಬಹುದು, ಮೋಸಹೋಗಬಾರದು. ಉಳಿದವು ಮೂರು ದಿನದಿಂದ ಎದ್ದಿದ್ದು ಇದೊಂದು 12 ಸೆಕೆಂಡಿನಿಂದ ಎದ್ದಿದೆ ಎಂದರೆ, ಸತ್ತು ಸತ್ತು ಹುಟ್ಟುತ್ತಿದೆ ಎಂದೇ ಅರ್ಥ. ಎರಡು ನಿಮಿಷ ಬಿಟ್ಟು ಮತ್ತೆ ನೋಡಿ, ಸತ್ತಾಗ ಬಿಟ್ಟುಹೋಗುವ ಅಂಕಿಯನ್ನು ಹಿಡಿಯಿರಿ. ಆ ಅಂಕಿಯಲ್ಲೇ ಮುಕ್ಕಾಲು ಉತ್ತರ ಇರುತ್ತದೆ.

137 ಎಂದಿದ್ದರೆ ಹೊರಗಿನಿಂದ ಕೊಂದಿದ್ದಾರೆ, ಸಾಮಾನ್ಯವಾಗಿ ಮೆಮೊರಿ ಮುಗಿದು ಕರ್ನಲ್ ಕೊಂದಿದೆ. ಕರ್ನಲ್ ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಸಾಲು ಸಿಕ್ಕರೆ ಖಾತ್ರಿ. 132 ಎಂದಿದ್ದರೆ ಪ್ರೊಸೆಸರಿಗೆ ಅರ್ಥವಾಗದ ಆಜ್ಞೆ ಬಂದಿದೆ. ಇಮಿಚ್‌ನ ಈಚಿನ ಆವೃತ್ತಿಗಳಿಗೆ ಎಕ್ಸ್86-64 ವಿ2 ಮಟ್ಟದ ಪ್ರೊಸೆಸರ್ ಬೇಕು, ಎಸ್‌ಎಸ್‌ಇ 4.2 ಅದರಲ್ಲಿ ಸೇರಿದೆ. ಕೋರ್ 2 ಡ್ಯುಯೊ ಕಾಲದ ಯಂತ್ರಗಳಲ್ಲಿ ಅದು ಇಲ್ಲ, ಅಲ್ಲಿಗೆ ಮಾತು ಮುಗಿಯಿತು. ಆದರೆ ಹೊಸ ಪ್ರೊಸೆಸರಿನ ಮೇಲೂ 132 ಬಂದರೆ ವರ್ಚುವಲ್ ಮೆಷೀನನ್ನು ಅನುಮಾನಿಸಿ. ವರ್ಚುವಲ್ ಮೆಷೀನುಗಳನ್ನು (ವಿಎಂ) ನಡೆಸುವ ಪ್ರಾಕ್ಸ್‌ಮಾಕ್ಸ್‌ನಲ್ಲಿ ಹಿಂದೆ ಮಾಡಿದ ವಿಎಂಗಳಿಗೆ ಕೆವಿಎಂ64 ಎಂಬ ಹಳೆಯ ಸಿಪಿಯು ಮುಖವಾಡ ಹಾಕಿರುತ್ತದೆ, ಕೆಳಗಿನ ನಿಜವಾದ ಪ್ರೊಸೆಸರಿನ ಶಕ್ತಿ ಮೇಲೆ ಕಾಣುವುದೇ ಇಲ್ಲ. ಸಿಪಿಯು ಬಗೆಯನ್ನು ‘ಹೋಸ್ಟ್’ ಎಂದು ಬದಲಿಸಿ, ವಿಎಂ ಅನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಬೇಕು. ಒಳಗಿಂದ ರೀಬೂಟ್ ಮಾಡಿದರೆ ಸಾಲದು.

ಈ ಯಂತ್ರದಲ್ಲಿ ಬಂದದ್ದು 137. ಕಾರಣ ನೇರವಾಗಿದೆ: ಫೇಸ್ ಡಿಟೆಕ್ಷನ್ ಒಂದು ಕಡೆ, ಪದ ಹಾಕಿ ಫೋಟೊ ಹುಡುಕುವ ಸ್ಮಾರ್ಟ್ ಸರ್ಚ್ ಇನ್ನೊಂದು ಕಡೆ, ಎರಡೂ ಒಂದೇ ಕಂಟೈನರಿನಲ್ಲಿ ತಮ್ಮ ತಮ್ಮ ಮಾದರಿಗಳನ್ನು (ಮೊದಲೇ ಕಲಿಸಿಟ್ಟ ಎಐ ಮಾಡೆಲ್‌ಗಳು) ಮೆಮೊರಿಗೆ ಎಳೆದುಕೊಂಡಿವೆ. ಎರಡಕ್ಕೂ ಏಕಕಾಲದ ಕೆಲಸಗಳ ಸಂಖ್ಯೆ ತಾನಾಗಿಯೇ 2 ಇರುತ್ತದೆ. ಅದೇ ಯಂತ್ರದಲ್ಲಿ ಡೇಟಾಬೇಸ್, ವಿಡಿಯೊ ಪರಿವರ್ತನೆ ಎಲ್ಲವೂ ಇವೆ. ಮಾಡಿದ್ದು ಇಷ್ಟು: ಜಾಬ್ ಸೆಟ್ಟಿಂಗಿನಲ್ಲಿ ಎರಡನ್ನೂ 1ಕ್ಕೆ ಇಳಿಸುವುದು, ಜಾಬ್ಸ್ ಪುಟದಲ್ಲಿ ಸ್ಮಾರ್ಟ್ ಸರ್ಚನ್ನು ತಾತ್ಕಾಲಿಕವಾಗಿ ನಿಲ್ಲಿಸುವುದು, ಉಬುಂಟುವಿನಲ್ಲಿ 4 ಜಿಬಿ ಸ್ವಾಪ್ ಕಡತ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಹಾಕುವುದು. ಕೆಲಸ ಇಲ್ಲದೆ 300 ಸೆಕೆಂಡ್ ಕಳೆದರೆ ಮಾದರಿಗಳು ತಾವೇ ಮೆಮೊರಿಯಿಂದ ಇಳಿಯುತ್ತವೆ, ಅದನ್ನು ಮುಟ್ಟಬೇಕಿಲ್ಲ.

ಅಂಕಿಯೇನೂ ಇಲ್ಲದೆ, ಕಂಟೈನರ್ ಎದ್ದೇ ಇದ್ದು ಲಾಗ್‌ನಲ್ಲಿ ‘ಡೌನ್‌ಲೋಡಿಂಗ್’ ಎಂಬಲ್ಲೇ ನಿಂತಿದ್ದರೆ ಅದು ನೆಟ್‌ವರ್ಕಿನ ಮಾತು. ಮುಖದ ಮಾದರಿ ಡಾಕರ್ ಇಮೇಜಿನ ಒಳಗೆ ಬರುವುದಿಲ್ಲ, ಮೊದಲ ಸಲ ಬೇಕಾದಾಗ ಹಗ್ಗಿಂಗ್ ಫೇಸ್ ತಾಣದಿಂದ ಇಳಿಯುತ್ತದೆ. ತಾನಾಗಿ ಆಯ್ಕೆಯಾಗಿರುವ ‘ಬಫಲೊ ಎಲ್’ನಲ್ಲಿ ಪತ್ತೆಯ ಕಡತ ಸುಮಾರು 17 ಎಂಬಿ, ಗುರುತಿನ ಕಡತ ಸುಮಾರು 174 ಎಂಬಿ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ನಡುವೆ ಕಡಿದುಹೋದರೆ ಅರ್ಧ ಕಡತ ಉಳಿದು, ಅದನ್ನು ತೆರೆಯಲಾಗದೆ ‘ಪ್ರೋಟೊಬಫ್’ ಎಂಬ ಪದ ಇರುವ ದೋಷ ಬರುತ್ತದೆ. ಮದ್ದು: ಮೆಷೀನ್ ಲರ್ನಿಂಗ್ ಕಂಟೈನರನ್ನು ಮಾತ್ರ ನಿಲ್ಲಿಸಿ ತೆಗೆದು, ‘ಮಾಡೆಲ್ ಕ್ಯಾಶ್’ ಎಂಬ ವಾಲ್ಯೂಮನ್ನು (ಡಾಕರ್ ಡೇಟಾ ಇಡುವ ಜಾಗ) ಮಾತ್ರ ಅಳಿಸಿ, ಮತ್ತೆ ಹಚ್ಚುವುದು. ಅದರೊಳಗೆ ಇಳಿಸಿಕೊಂಡ ಮಾದರಿಗಳಲ್ಲದೆ ಬೇರೇನೂ ಇಲ್ಲ.

ಇಲ್ಲಿ ‘ಮಾತ್ರ’ ಎಂದು ಮೂರು ಸಲ ಹೇಳಿದರೂ ಸಾಲದು. ಎಲ್ಲ ಕಂಟೈನರುಗಳನ್ನು ಒಟ್ಟಿಗೆ ಇಳಿಸುವ ಕಂಪೋಸ್ ಡೌನ್ ಆಜ್ಞೆಗೆ ವಾಲ್ಯೂಮುಗಳನ್ನೂ ಅಳಿಸು ಎನ್ನುವ ‘ವಿ’ ಬಾಲ ಹಚ್ಚಿ ಕೆಲಸ ಬೇಗ ಮುಗಿಸುವ ಆಸೆ ಬರುತ್ತದೆ. ಇಮಿಚ್‌ನ ಹಳೆಯ ಕಂಪೋಸ್ ಕಡತಗಳಲ್ಲಿ ಡೇಟಾಬೇಸೂ ಹೆಸರಿಟ್ಟ ವಾಲ್ಯೂಮಿನಲ್ಲೇ ಇರುತ್ತಿತ್ತು. ಆ ಬಾಲ ಅದನ್ನೂ ಗುಡಿಸಿಹಾಕುತ್ತದೆ.

ಹಳೆಯ ಡೆಸ್ಕ್‌ಟಾಪ್ ತೀರಾ ನಿಧಾನ, ಮನೆಯಲ್ಲಿ ಒಳ್ಳೆಯ ಲ್ಯಾಪ್‌ಟಾಪ್ ಇದೆ ಎಂದಾದರೆ, ಮೊದಲ ದೊಡ್ಡ ಓಟವನ್ನು ಅದರ ಮೇಲೆ ಓಡಿಸಬಹುದು. ಮೆಷೀನ್ ಲರ್ನಿಂಗ್ ಕಂಟೈನರ್ ಒಂದನ್ನೇ ಲ್ಯಾಪ್‌ಟಾಪಿನಲ್ಲಿ ಹಚ್ಚಿ, ಅದರ ವಿಳಾಸವನ್ನು 3003 ಪೋರ್ಟ್ ಸಮೇತ ಮೆಷೀನ್ ಲರ್ನಿಂಗ್ ಸೆಟ್ಟಿಂಗಿನಲ್ಲಿ ಮೊದಲನೆಯ ಸಾಲಿಗೆ ಸೇರಿಸಿ. ವಿಳಾಸಗಳನ್ನು ಸಾಲಿನ ಕ್ರಮದಲ್ಲೇ ಪ್ರಯತ್ನಿಸುವುದರಿಂದ, ಲ್ಯಾಪ್‌ಟಾಪ್ ಮುಚ್ಚಿದ ದಿನ ಕೆಲಸ ಹಳೆಯ ಯಂತ್ರಕ್ಕೇ ಬರುತ್ತದೆ. ಎರಡೂ ಕಡೆ ಒಂದೇ ಆವೃತ್ತಿ ಇರಲಿ. ಆ ಪೋರ್ಟಿಗೆ ಬೀಗವಿಲ್ಲ, ಮನೆಯ ನೆಟ್‌ವರ್ಕಿನ ಹೊರಗೆ ತೆರೆಯಬೇಡಿ.

ಕಂಟೈನರ್ ನೆಟ್ಟಗಾದ ಮೇಲೆ ಒತ್ತಬೇಕಾದ್ದು ‘ಮಿಸ್ಸಿಂಗ್’. ಈ ಮೂರು ಬಟನ್ನುಗಳ ವ್ಯತ್ಯಾಸವನ್ನು ಸರಿಯಾಗಿ ತಿಳಿದರೆ ಅರ್ಧ ಅನಾಹುತ ತಪ್ಪುತ್ತದೆ. ಪ್ರತಿ ಫೋಟೊಗೂ ‘ಮುಖ ಹುಡುಕಿ ಆಯಿತು’ ಎಂಬ ಒಂದು ಮೊಹರು ಬೀಳುತ್ತದೆ. ಹುಡುಕಿ ಒಂದೂ ಸಿಗದಿದ್ದರೂ ಮೊಹರು ಬೀಳುತ್ತದೆ, ಕಂಟೈನರ್ ಸತ್ತು ಕೆಲಸವೇ ಆಗದಿದ್ದರೆ ಬೀಳುವುದಿಲ್ಲ. ‘ಮಿಸ್ಸಿಂಗ್’ ಮೊಹರು ಇಲ್ಲದವನ್ನಷ್ಟೇ ಎತ್ತಿಕೊಳ್ಳುತ್ತದೆ. ‘ರಿಫ್ರೆಶ್’ ಮೊಹರು ಇದ್ದರೂ ಇಲ್ಲದಿದ್ದರೂ ಎಲ್ಲವನ್ನೂ ಮತ್ತೆ ನೋಡಿ, ಹಳೆಯ ಚೌಕದ ಜಾಗದಲ್ಲೇ ಮತ್ತೆ ಮುಖ ಸಿಕ್ಕರೆ ಹಳೆಯದನ್ನು ಹಾಗೇ ಉಳಿಸಿಕೊಳ್ಳುತ್ತದೆ. ‘ರೀಸೆಟ್’ ಎಲ್ಲ ಅಳಿಸಿ ಮೊದಲಿನಿಂದ. ಸತ್ತ ಕಂಟೈನರಿನಿಂದ ಬಿಟ್ಟುಹೋದ ಫೋಟೊಗಳಿಗೆ ‘ಮಿಸ್ಸಿಂಗ್’ ಧಾರಾಳವಾಗಿ ಸಾಕು, ಮೊದಲ ದೂರು ಅಲ್ಲಿಗೆ ಮುಗಿಯಿತು. ಕೆಳಗೆ ಬರುವ ಪತ್ತೆಯ ಅಂಕವನ್ನು ಬದಲಿಸಿ ‘ಮಿಸ್ಸಿಂಗ್’ ಒತ್ತಿದರೆ ಮಾತ್ರ ಏನೂ ಆಗುವುದಿಲ್ಲ, ಅದಕ್ಕೆ ‘ರಿಫ್ರೆಶ್’ ಬೇಕು. ಸೆಟ್ಟಿಂಗ್ ಬದಲಿಸಿದೆ, ವ್ಯತ್ಯಾಸವೇ ಇಲ್ಲ ಎನ್ನುವವರಲ್ಲಿ ಹೆಚ್ಚಿನವರು ಬಿದ್ದಿರುವುದು ಈ ಗುಂಡಿಗೆ.

ಮೇಷ್ಟ್ರು ಸಿಕ್ಕರು, ಮಕ್ಕಳು ಸಿಗಲಿಲ್ಲ

ಎರಡನೆಯ ದೂರು ಹೆಚ್ಚು ರುಚಿಕರ, ಏಕೆಂದರೆ ಇಲ್ಲಿ ಯಾವುದೂ ಕೆಟ್ಟಿಲ್ಲ. 12×8 ಇಂಚಿನ ಶಾಲೆಯ ಗ್ರೂಪ್ ಫೋಟೊವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಲಾಗಿದೆ: 7200×4800 ಪಿಕ್ಸೆಲ್. ಹಿಗ್ಗಿಸಿ ನೋಡಿದರೆ ಪ್ರತಿ ಮಗುವಿನ ಹುಬ್ಬೂ ಕಾಣುತ್ತದೆ. ಆದರೂ ಹಿಂದಿನ ಸಾಲಿನ ಒಂದು ಮಗುವೂ ಸಿಕ್ಕಿಲ್ಲ. 1200 ಡಿಪಿಐಗೆ ಏರಿಸಿ ಮತ್ತೆ ಸ್ಕ್ಯಾನ್ ಮಾಡಿದರೂ ಫಲ ಅಷ್ಟೇ.

ಏಕೆಂದರೆ ಪತ್ತೆ ಮಾಡುವ ಮಾದರಿ ಈ 7200 ಪಿಕ್ಸೆಲನ್ನು ನೋಡುವುದೇ ಇಲ್ಲ. ಪ್ರಿವ್ಯೂ ಆಗುವಾಗ ಚಿಕ್ಕ ಬದಿ 1440ಕ್ಕೆ ಇಳಿಯುತ್ತದೆ, ಅಂದರೆ ಚಿತ್ರ 2160×1440. ಅದನ್ನು ಮಾದರಿ ಮತ್ತೆ 640×640ರ ಚೌಕದೊಳಗೆ ಕೂರುವಂತೆ ಕುಗ್ಗಿಸುತ್ತದೆ. ಲೆಕ್ಕ ಹಾಕಿ: ಒಂದು ಸಾಲಿನಲ್ಲಿ 14 ಮಕ್ಕಳು ಭುಜಕ್ಕೆ ಭುಜ ತಾಗಿಸಿ ನಿಂತರೆ ಮಗುವೊಂದಕ್ಕೆ ಸುಮಾರು 514 ಪಿಕ್ಸೆಲ್ ಜಾಗ, ಮುಖ ಅದರ ಅರ್ಧ, 257. ಚಿತ್ರ 640ಕ್ಕೆ ಕುಗ್ಗಿದಾಗ ಆ ಮುಖ ಸುಮಾರು 23 ಪಿಕ್ಸೆಲ್. ಅದರ ಮೇಲೆ ಹಳೆಯ ಪ್ರಿಂಟಿನ ಮಸುಕು. ಮುಖವಿದ್ದಂತೆ ಅನಿಸಿದರೂ, ಮುಖ ಎಂದು ಒಪ್ಪಲು ಬೇಕಾದ ಕನಿಷ್ಠ 0.7 ಅಂಕ ಬರುವುದಿಲ್ಲ. ಮೇಷ್ಟ್ರುಗಳು ಮುಂದೆ ಕುರ್ಚಿಯಲ್ಲಿದ್ದಾರೆ, ಮುಖ ದೊಡ್ಡದು, ಹಾಗಾಗಿ ಸಿಕ್ಕರು. ಇದೇ ಕಾರಣಕ್ಕೆ ಇಮೇಜ್ ಸೆಟ್ಟಿಂಗಿನಲ್ಲಿ ಪ್ರಿವ್ಯೂ ಗಾತ್ರ ಏರಿಸಿದರೂ ಪತ್ತೆಗೆ ಪ್ರಯೋಜನವಿಲ್ಲ, 640 ಅಲ್ಲೇ ಕಾದು ಕೂತಿರುತ್ತದೆ.

ಕೆಲಸ ಮಾಡುವ ಮದ್ದು ಕತ್ತರಿ. ಜನ ನಿಂತಿರುವ ಪಟ್ಟಿಯನ್ನಷ್ಟೇ ತೆಗೆದುಕೊಂಡು, 2700×2700ರ ಮೂರು ತುಂಡು ಮಾಡಿ, ಪಕ್ಕದ ತುಂಡುಗಳು 450 ಪಿಕ್ಸೆಲಿನಷ್ಟು ಒಂದರ ಮೇಲೊಂದು ಬರುವಂತೆ. ಮುಖ 257 ಪಿಕ್ಸೆಲ್ ಇರುವುದರಿಂದ ಯಾವ ಮಗುವಿನ ಮುಖವೂ ಎರಡೂ ತುಂಡಿನಲ್ಲಿ ಅರ್ಧರ್ಧ ಸೀಳಿಹೋಗುವುದಿಲ್ಲ. ಈಗ ಅದೇ ಮುಖ ಮಾದರಿಯ ಕಣ್ಣಿಗೆ ಸುಮಾರು 61 ಪಿಕ್ಸೆಲ್, ಮೊದಲಿನ ಎರಡೂವರೆ ಪಟ್ಟಿಗೂ ಹೆಚ್ಚು. ಲಾಭ ಅಲ್ಲಿಗೇ ಮುಗಿಯುವುದಿಲ್ಲ. ಗುರುತಿನ ಮಾದರಿ ಪ್ರಿವ್ಯೂದಿಂದ ಮುಖವನ್ನು ಕತ್ತರಿಸಿ 112×112ಕ್ಕೆ ಹೊಂದಿಸಿಕೊಳ್ಳುತ್ತದೆ. ಇಡೀ ಫೋಟೊದ ಪ್ರಿವ್ಯೂದಲ್ಲಿ ಆ ಮುಖ 77 ಪಿಕ್ಸೆಲ್, ಎಳೆದು ಹಿಗ್ಗಿಸಬೇಕು. ತುಂಡಿನ ಪ್ರಿವ್ಯೂದಲ್ಲಿ 137, ಕುಗ್ಗಿಸಿದರೆ ಸಾಕು. ಹಿಗ್ಗಿಸಿದ ಮಸುಕು ಮುಖಗಳು ಗುಂಪು ಮಾಡುವಾಗ ಯಾರ ಜೊತೆ ಬೇಕಾದರೂ ಸೇರಿಕೊಳ್ಳುತ್ತವೆ, ಹಾಗಾಗಿ ಈ ವ್ಯತ್ಯಾಸ ಸಣ್ಣದಲ್ಲ. ಮೂರು ತುಂಡುಗಳನ್ನು ಏರಿಸಿ, ಮೂಲ ಫೋಟೊದ ಜೊತೆ ಸ್ಟ್ಯಾಕ್ ಮಾಡಿಬಿಟ್ಟರೆ (ಒಂದೇ ಚಿತ್ರದಂತೆ ಪೇರಿಸಿಟ್ಟರೆ) ಟೈಮ್‌ಲೈನಿನಲ್ಲಿ ಗಲೀಜಾಗುವುದಿಲ್ಲ. ತುಂಡುಗಳಿಗೂ ಮೂಲದ ತಾರೀಖನ್ನೇ ಕೊಡಿ, ಇಲ್ಲವಾದರೆ 1978ರ ಮಕ್ಕಳು ಈ ವರ್ಷದ ಟೈಮ್‌ಲೈನಿನಲ್ಲಿ ಕೂರುತ್ತಾರೆ.

ಸ್ಕ್ಯಾನ್ ಮಾಡಿದ ಚಿತ್ರಗಳ ಇನ್ನೆರಡು ಕಾಯಿಲೆ. ಒಂದು, ಅಡ್ಡ ಬಿದ್ದ ಚಿತ್ರ. ಫೋನಿನ ಫೋಟೊದಲ್ಲಿ ಯಾವ ಕಡೆ ಮೇಲೆ ಎಂಬ ಗುರುತು ಕಡತದೊಳಗಿನ ಎಕ್ಸಿಫ್ ಮಾಹಿತಿಯಲ್ಲಿ ಇರುತ್ತದೆ, ಫ್ಲ್ಯಾಟ್‌ಬೆಡ್ ಸ್ಕ್ಯಾನರಿಗೆ ಅದು ಗೊತ್ತಿಲ್ಲ. 90 ಡಿಗ್ರಿ ತಿರುಗಿದ ಮುಖ ಈ ಮಾದರಿಗೆ ಬಹುಮಟ್ಟಿಗೆ ಮುಖವೇ ಅಲ್ಲ. ಏರಿಸುವ ಮೊದಲೇ ಎಕ್ಸಿಫ್‌ಟೂಲ್‌ನಲ್ಲಿ ಓರಿಯೆಂಟೇಷನ್ ಗುರುತು ಬರೆದುಬಿಡಿ: ಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಬೇಕಿದ್ದರೆ 6, ಅಪ್ರದಕ್ಷಿಣವಾಗಿ ಆದರೆ 8, ತಲೆಕೆಳಗಾಗಿದ್ದರೆ 3. ಪಿಕ್ಸೆಲ್ ಮುಟ್ಟದೆ ಆಗುವ ಕೆಲಸ, ಗುಣಮಟ್ಟ ಇಳಿಯುವುದಿಲ್ಲ. ಆಗಲೇ ಏರಿಸಿಬಿಟ್ಟಿದ್ದರೆ ಇಮಿಚ್‌ನ ಫೋಲ್ಡರಿಗೆ ನುಗ್ಗಿ ಕಡತ ತಿದ್ದಬೇಡಿ, ಸರಿಪಡಿಸಿದ ಪ್ರತಿ ಏರಿಸಿ ಹಳೆಯದನ್ನು ಅಳಿಸಿ.

ಇನ್ನೊಂದು, ಕಾಗದದ ಚರ್ಮ. ಸ್ಟುಡಿಯೊಗಳು ಕೊಡುತ್ತಿದ್ದ ಜೇನುಗೂಡಿನಂಥ ಉಬ್ಬು ಕಾಗದದ ಪ್ರಿಂಟುಗಳನ್ನು ಸ್ಕ್ಯಾನ್ ಮಾಡಿದರೆ ಒಂದು ಕಡೆಯಿಂದ ಬೀಳುವ ಬೆಳಕಿಗೆ ಪ್ರತಿ ಉಬ್ಬೂ ಹೊಳೆದು, ಮುಖದ ತುಂಬ ಚುಕ್ಕಿ. ಪ್ರಿಂಟನ್ನು ಒಮ್ಮೆ ನೆಟ್ಟಗೆ, ಒಮ್ಮೆ 180 ಡಿಗ್ರಿ ತಿರುಗಿಸಿ ಸ್ಕ್ಯಾನ್ ಮಾಡಿ, ಎರಡನೆಯದನ್ನು ತಿರುಗಿಸಿ ಮೊದಲನೆಯದರ ಮೇಲೆ 50 ಶೇಕಡ ಪಾರದರ್ಶಕತೆಯಲ್ಲಿ ಗಿಂಪ್‌ನಲ್ಲಿ ಕೂರಿಸಿದರೆ ಹೊಳಪು ಬಹಳಷ್ಟು ಇಳಿಯುತ್ತದೆ. ಶ್ರಮದ ಕೆಲಸ, ಮುಖ್ಯವಾದ ನಾಲ್ಕಾರು ಚಿತ್ರಗಳಿಗೆ ಮಾತ್ರ ಮಾಡಿ. ಪತ್ರಿಕೆಯಿಂದ ಕತ್ತರಿಸಿದ ಚಿತ್ರಗಳಿಗೆ ಸ್ಕ್ಯಾನರಿನ ‘ಡಿಸ್ಕ್ರೀನ್’ ಆಯ್ಕೆ ಸಾಕು.

ಇಷ್ಟಾದ ಮೇಲೂ ಸಿಗದವಕ್ಕೆ ಪತ್ತೆಯ ಕನಿಷ್ಠ ಅಂಕವನ್ನು 0.7ರಿಂದ 0.6ಕ್ಕೆ ಇಳಿಸಿ, ಒಂದೇ ಫೋಟೊ ತೆರೆದು ಅದರ ಮೆನುವಿನಲ್ಲಿ ‘ರಿಫ್ರೆಶ್ ಫೇಸಸ್’ ಒತ್ತಿ ಪರೀಕ್ಷೆ ಮಾಡಿ. ಇಡೀ ಸಂಗ್ರಹದ ಮೇಲೆ ಪ್ರಯೋಗ ಬೇಡ. 0.5ಕ್ಕೆ ಇಳಿಸಿದರೆ ಬರುವ ಅತಿಥಿಗಳು ಬೇರೆ ಥರ: ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿ ಸರಸ್ವತಿಯರು, ಬೀದಿಯ ಫ್ಲೆಕ್ಸಿನಲ್ಲಿ ಕೈ ಮುಗಿದು ನಿಂತ ಪುಢಾರಿಗಳು, ನಡುಮನೆಯ ಗೋಡೆಯಲ್ಲಿ ಹಾರ ಹಾಕಿದ ಹಿರಿಯರ ಚಿತ್ರ. ಕೊನೆಯದನ್ನು ತಪ್ಪೆನ್ನಲು ಮನಸ್ಸು ಬಾರದು, ಆದರೆ ನಡುಮನೆಯಲ್ಲಿ ತೆಗೆದ ಪ್ರತಿ ಫೋಟೊದಲ್ಲೂ ಮುತ್ತಜ್ಜ ಹಾಜರಾಗುತ್ತಾರೆ. ಇಂಥವನ್ನು ಪೀಪಲ್ ಪುಟದಲ್ಲಿ ಅಡಗಿಸಿಡಿ. ಆ ಗುಂಪು ಹಾಗೇ ಇದ್ದರೆ ಮುಂದೆ ಬರುವ ಅದೇ ಕ್ಯಾಲೆಂಡರ್ ಮುಖಗಳೂ ಅಡಗಿದ ಗುಂಪಿಗೇ ಹೋಗಿ ಬೀಳುತ್ತವೆ.

ಮುಖವನ್ನು ಹೊಂದಿಸಿಕೊಳ್ಳಲು ಮಾದರಿ ಐದು ಬಿಂದುಗಳನ್ನು ಹಿಡಿಯುತ್ತದೆ: ಎರಡು ಕಣ್ಣು, ಮೂಗಿನ ತುದಿ, ಬಾಯಿಯ ಎರಡು ಮೂಲೆ. ಬಾಸಿಂಗದ ಎಳೆಗಳು ಕಣ್ಣ ಮೇಲೆ ಇಳಿದಿರುವ ಧಾರೆಯ ಫೋಟೊಗಳಲ್ಲಿ ವರನಿಗಿಂತ ಪಕ್ಕದಲ್ಲಿ ನಿಂತ ಸೋದರಮಾವನ ಮುಖ ಚೆನ್ನಾಗಿ ಸಿಗುವುದು ಇದರಿಂದಲೇ. ಯಕ್ಷಗಾನದ ಬಣ್ಣದ ವೇಷಗಳಂತೂ ಅಂಕ ಎಷ್ಟು ಇಳಿಸಿದರೂ ಭರವಸೆಯಿಲ್ಲ. ಚಿಟ್ಟಿ ಇಟ್ಟು ಕಣ್ಣು, ಮೂಗಿನ ಆಕಾರವನ್ನೇ ಬೇರೆ ಮಾಡುವುದು ಆ ಮುಖವರ್ಣಿಕೆಯ ಉದ್ದೇಶ. ಸ್ತ್ರೀವೇಷಗಳು ಸಿಗಬಹುದು, ಆದರೆ ಬಣ್ಣವಿಲ್ಲದ ಕಲಾವಿದರ ಜೊತೆ ಅವು ಸೇರುತ್ತವೆ ಎಂದು ಕಾಯಬೇಡಿ. ಇಂಥ ಫೋಟೊಗಳಲ್ಲಿ ‘ಟ್ಯಾಗ್ ಪೀಪಲ್’ ಆಯ್ಕೆಯಿಂದ ಕೈಯಲ್ಲೇ ಚೌಕ ಎಳೆದು ಹೆಸರು ಕೊಡುವುದು ಬೇಗ.

ಒಬ್ಬಳಾದ ಅಕ್ಕ ತಂಗಿ, ಮೂವರಾದ ಅಜ್ಜ

ಇನ್ನುಳಿದ ಎರಡು ದೂರುಗಳು ಗುಂಪು ಮಾಡುವ ಮೆಟ್ಟಿಲಿನವು. ಅಲ್ಲಿ ಎರಡೇ ಗುಂಡಿ: ಗರಿಷ್ಠ ದೂರ, ತಾನಾಗಿ 0.5, ಕನಿಷ್ಠ ಮುಖಗಳ ಸಂಖ್ಯೆ, ತಾನಾಗಿ 3.

ದೂರ ಎಂದರೆ ಎರಡು ಮುಖಗಳ ಅಂಕಿ ಸಾಲುಗಳ ನಡುವಿನ ಅಂತರ, 0ಯಿಂದ 2ರವರೆಗೆ ಇರಬಹುದು. 0.5ಕ್ಕಿಂತ ಹತ್ತಿರವಿದ್ದರೆ ಒಬ್ಬರೇ ಎಂದು ಲೆಕ್ಕ. ಅಕ್ಕ ತಂಗಿ, ತಾಯಿ ಮಗಳು ಸೇರಿಹೋಗುತ್ತಿದ್ದರೆ 0.4ಕ್ಕೆ ಇಳಿಸಬೇಕು. ಇಳಿಸಿದರೆ ಅಜ್ಜ ಮೂರಿದ್ದವರು ಐದಾಗುತ್ತಾರೆ: ಕನ್ನಡಕದ ಅಜ್ಜ, ಪೇಟದ ಅಜ್ಜ, ಕಪ್ಪುಬಿಳುಪಿನ ಯುವಕ ಅಜ್ಜ. ಎರಡೂ ದೂರನ್ನು ಒಂದೇ ಗುಂಡಿಯಿಂದ ಸರಿಮಾಡಲಾಗದು, ಯಾವ ಕಡೆ ತಪ್ಪಬೇಕು ಎಂದಷ್ಟೇ ಆರಿಸಬಹುದು. ಉತ್ತರ ಸುಲಭ: ಕಡಿಮೆ ದೂರದ ಕಡೆ ತಪ್ಪಲಿ. ಐದು ಅಜ್ಜಂದಿರನ್ನು ಒಬ್ಬರಾಗಿಸುವುದು ಒಂದು ಸಲದ ಮರ್ಜ್ ಕೆಲಸ, ಒಮ್ಮೆಗೆ ಐದರವರೆಗೆ ಸೇರಿಸಲು ಬಿಡುತ್ತದೆ. ಬೆರೆತುಹೋದ ಅಕ್ಕ ತಂಗಿಯರನ್ನು ಬಿಡಿಸುವುದು ನೂರಾರು ಫೋಟೊ ನೋಡುವ ಕೆಲಸ. ಬಿಡಿಸಲೇಬೇಕಾದರೆ ಆ ವ್ಯಕ್ತಿಯ ಪುಟದಲ್ಲಿ ತಂಗಿಯ ಫೋಟೊಗಳನ್ನೆಲ್ಲ ಆರಿಸಿ, ‘ಫಿಕ್ಸ್ ಇನ್‌ಕರೆಕ್ಟ್ ಮ್ಯಾಚ್’ ಒತ್ತಿ ಹೊಸ ವ್ಯಕ್ತಿಗೆ ಸಾಗಿಸಿ. ಹಸುಗೂಸುಗಳ ವಿಷಯದಲ್ಲಿ ಗುಂಡಿ ತಿರುಗಿಸಿ ಪ್ರಯೋಜನವಿಲ್ಲ, ಆರು ತಿಂಗಳ ಮಕ್ಕಳೆಲ್ಲ ಈ ಮಾದರಿಗೆ ಒಂದೇ ಮಗುವಿನಂತೆ ಕಾಣುತ್ತಾರೆ. ಅವಕ್ಕೆ ಕೈಕೆಲಸವೇ ಗತಿ.

ಕನಿಷ್ಠ ಸಂಖ್ಯೆ 3 ಎಂದರೆ, ತನ್ನನ್ನೂ ಸೇರಿಸಿ ಮೂರು ಹತ್ತಿರದ ಮುಖಗಳಿದ್ದರೆ ಮಾತ್ರ ಹೊಸ ವ್ಯಕ್ತಿ ಹುಟ್ಟುತ್ತಾನೆ. ಇಡೀ ಸಂಗ್ರಹದಲ್ಲಿ ಎರಡೇ ಫೋಟೊ ಉಳಿದಿರುವ ಮುತ್ತಜ್ಜಿ ಪೀಪಲ್ ಪುಟಕ್ಕೆ ಬರುವುದೇ ಇಲ್ಲ, ಅವಳ ಮುಖ ಪತ್ತೆಯಾಗಿದ್ದರೂ. ಇದನ್ನು 1ಕ್ಕೆ ಇಳಿಸಿದರೆ ಜಾತ್ರೆಯ ಫೋಟೊದಲ್ಲಿ ಹಾದುಹೋದ ಪ್ರತಿಯೊಬ್ಬರೂ ವ್ಯಕ್ತಿಯಾಗಿ ನಿಲ್ಲುತ್ತಾರೆ. ಹಳೆಯ ಆಲ್ಬಮ್ ಹೆಚ್ಚಿರುವ ಸಂಗ್ರಹಕ್ಕೆ 2 ಸರಿ, ಫೋನಿನ ಫೋಟೊಗಳೇ ಹೆಚ್ಚಿದ್ದರೆ 3 ಇರಲಿ, ಮುತ್ತಜ್ಜಿಯೊಬ್ಬಳಿಗೆ ಪೆನ್ಸಿಲ್ ಒತ್ತಿ ಕೈಯಿಂದ ಹೆಸರು ಕೊಡಿ.

ಮೂರು ಆಗದೆ ಉಳಿದ ಮುಖಗಳನ್ನು ಇಮಿಚ್ ಪಕ್ಕಕ್ಕಿಟ್ಟು, ರಾತ್ರಿಯ ಕೆಲಸದಲ್ಲಿ ಮತ್ತೆ ಹೋಲಿಸುತ್ತದೆ. ಅದರ ಸಮಯ ತಾನಾಗಿ ಮಧ್ಯರಾತ್ರಿ 12. ಬ್ಯಾಕಪ್ಪಿನ ಕತೆಯೇ ಇಲ್ಲೂ: ರಾತ್ರಿ ಆರಿಸುವ ಯಂತ್ರದಲ್ಲಿ ಆ ಮುಖಗಳು ಬಾಕಿ ಉಳಿಯುತ್ತಲೇ ಹೋಗುತ್ತವೆ. ರಾತ್ರಿ ಕೆಲಸಗಳ ಸೆಟ್ಟಿಂಗಿನಲ್ಲಿ ಸಮಯ ಬದಲಿಸಿ, ಇಲ್ಲವೇ ಫೇಶಿಯಲ್ ರೆಕಗ್ನಿಷನ್ನಿನ ‘ಮಿಸ್ಸಿಂಗ್’ ಅನ್ನು ಆಗಾಗ ಕೈಯಿಂದ ಒತ್ತಿ.

ಕಹಿಯಾದ ಭಾಗ ಇದು: ದೂರವನ್ನು ಬದಲಿಸಿದರೆ ಆಗಲೇ ಗುಂಪಾದ ಮುಖಗಳು ಕದಲುವುದಿಲ್ಲ, ಹೊಸದಕ್ಕೆ ಮಾತ್ರ ಅನ್ವಯ. ಹಳೆಯವಕ್ಕೂ ಬೇಕೆಂದರೆ ಫೇಶಿಯಲ್ ರೆಕಗ್ನಿಷನ್ನಿನ ‘ರೀಸೆಟ್’ ಬೇಕು, ಅದರಲ್ಲಿ ಹೆಸರುಗಳು ಹೋಗುತ್ತವೆ. ‘ಬಫಲೊ ಎಲ್’ ಬಿಟ್ಟು ‘ಆಂಟಿಲೋಪ್ ವಿ2’ಗೆ ಹೋಗುವ ಆಸೆಯಿದ್ದರೆ ಇನ್ನೂ ಕಹಿ, ಒಂದು ಮಾದರಿಯ ಅಂಕಿಗಳನ್ನು ಇನ್ನೊಂದರ ಅಂಕಿಗಳ ಜೊತೆ ಹೋಲಿಸಲಾಗದು, ಪತ್ತೆಯಿಂದಲೇ ಎಲ್ಲ ಮತ್ತೆ ಆಗಬೇಕು. ಆದ್ದರಿಂದ ರೀಸೆಟ್ಟಿಗೆ ನ್ಯಾಯವಾದ ಕಾಲ ಒಂದೇ, ಹೆಸರಿಡುವ ಮೊದಲು. ಹೊಸದಾಗಿ ಕಟ್ಟುವವರು ಮುನ್ನೂರು ನಾನ್ನೂರು ಫೋಟೊಗಳನ್ನು ಮಾತ್ರ ಏರಿಸಿ, ಅದರಲ್ಲಿ ಹೋಲುವ ಒಡಹುಟ್ಟಿದವರೂ ಹಳೆಯ ಸ್ಕ್ಯಾನುಗಳೂ ಇರುವಂತೆ ನೋಡಿಕೊಂಡು, 0.4, 0.45, 0.5 ಮೂರರಲ್ಲೂ ರೀಸೆಟ್ ಮಾಡಿ ನೋಡಿ. ಸರಿ ಕಂಡದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಏರಿಸಿ, ಆಮೇಲೆ ಹೆಸರು. ಈ ಯಂತ್ರದಲ್ಲಿ ಹೆಸರಿಟ್ಟು ಆಗಿದೆ, ಹಾಗಾಗಿ ದೂರವನ್ನು ಮುಂದಿನ ಫೋಟೊಗಳಿಗಾಗಿ 0.45 ಮಾಡಿ, ಅಕ್ಕ ತಂಗಿಯರನ್ನು ಕೈಯಿಂದ ಬಿಡಿಸಿ, ಅಜ್ಜಂದಿರನ್ನು ಸೇರಿಸಿದ್ದೇ ಕೊನೆಯ ಕೆಲಸ. ಡಿಜಿಕ್ಯಾಮ್‌ನಂಥ ತಂತ್ರಾಂಶದಲ್ಲಿ ಮೊದಲೇ ಮುಖಕ್ಕೆ ಹೆಸರಿಟ್ಟು ಅದನ್ನು ಕಡತದ ಮೆಟಾಡೇಟಾದಲ್ಲಿ ಬರೆಸಿದ್ದವರಿಗೆ ಒಂದು ಅನುಕೂಲವಿದೆ: ಮೆಟಾಡೇಟಾ ಸೆಟ್ಟಿಂಗಿನಲ್ಲಿ ಮುಖಗಳನ್ನು ಆಮದು ಮಾಡುವ ಆಯ್ಕೆ ಹಚ್ಚಿದರೆ ಇಮಿಚ್ ಆ ಹೆಸರುಗಳನ್ನು ಓದಿಕೊಳ್ಳುತ್ತದೆ. ಅದು ತಾನಾಗಿ ಆರಿರುತ್ತದೆ.

ಹೆಸರಿಡುವಾಗ ಒಂದು ಕಡೆ ಬೆರಳು ನಿಧಾನಿಸಲಿ. ಆಗಲೇ ಇರುವ ಹೆಸರನ್ನೇ ಮತ್ತೊಬ್ಬರಿಗೆ ಕೊಟ್ಟರೆ, ಇವರಿಬ್ಬರೂ ಒಬ್ಬರೇನಾ, ಸೇರಿಸಲಾ ಎಂದು ಇಮಿಚ್ ಕೇಳುತ್ತದೆ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಅಭ್ಯಾಸಬಲದಿಂದ ‘ಯೆಸ್’ ಒತ್ತಿದರೆ ಇಬ್ಬರೂ ಒಂದಾಗುತ್ತಾರೆ, ಆ ಮರ್ಜನ್ನು ಹಿಂದಕ್ಕೆ ತೆಗೆಯುವ ಬಟನ್ ಇಲ್ಲ. ‘ಮಂಜುನಾಥ ಅಜ್ಜ’, ‘ಮಂಜುನಾಥ ಪುಟ್ಟ’ ಎಂದು ಮೊದಲೇ ಬೇರೆ ಮಾಡಿ ಬರೆಯಿರಿ. ಒತ್ತಿಯೇಬಿಟ್ಟಿದ್ದರೆ, ನಿನ್ನೆ ಸಂಜೆ 7ರ ಬ್ಯಾಕಪ್ ಪ್ರತಿಯಿಂದ ಮರಳಿ ತರಬಹುದು, ಇವತ್ತು ಇಟ್ಟ ಉಳಿದ ಹೆಸರುಗಳನ್ನು ಮತ್ತೊಮ್ಮೆ ಇಡಬೇಕಾಗುತ್ತದೆ.